ಅಂಕಣ ಬದಲಾಯಿಸುವ ಮುನ್ನ: ನೀರಿನ ಸಂಪರ್ಕದಾರರ ದಾಖಲೆಯಲ್ಲಿ ಬದಲಾವಣೆಯ ನಿಯಂತ್ರಣ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ರಸ್ತೆ, ಚರಂಡಿ, ಬೀದಿದೀಪಗಳ ವಿಷಯದಲ್ಲಿ ಪ್ರಶ್ನೆ ಕೇಳುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಕಾಮಗಾರಿ ಎಲ್ಲಿ ನಡೆಯಿತು, ಅಂದಾಜು ಪಟ್ಟಿಯಲ್ಲಿ ಏನಿತ್ತು, ಅಳತೆ ಪುಸ್ತಕದಲ್ಲಿ ಏನು ಬರೆದಿದೆ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಇಂದು ನನಗೆ ವಹಿಸಿರುವ ವಿಷಯ ಕಣ್ಣಿಗೆ ಕಾಣದ ಕಾಮಗಾರಿಯದು. ಪಂಚಾಯಿತಿಯ ಗಣಕಯಂತ್ರದಲ್ಲಿರುವ ಪಟ್ಟಿಯೊಂದರಲ್ಲಿ ಒಂದು ಅಂಕಣವನ್ನು, ಅಂದರೆ ನಾವು ರೂಢಿಯಲ್ಲಿ ಕಾಲಂ ಎನ್ನುವುದನ್ನು, ಸೇರಿಸುವುದು, ತೆಗೆಯುವುದು ಅಥವಾ ಅದರ ಅರ್ಥವನ್ನು ಬದಲಾಯಿಸುವುದು. ಈ ಕೆಲಸಕ್ಕೆ ಮರಳು, ಸಿಮೆಂಟು ಬೇಡ. ಹತ್ತು ನಿಮಿಷ ಸಾಕು. ಆದರೆ ಅದರ ಪರಿಣಾಮವನ್ನು ಒಂದು ಕುಟುಂಬ ವರ್ಷಗಟ್ಟಲೆ ಅನುಭವಿಸಬೇಕಾಗಬಹುದು. ಆದ್ದರಿಂದ ಅಂಕಣದ ಬದಲಾವಣೆಯೂ ಒಂದು ನಿರ್ಣಯವೇ ಎಂದೂ, ನಿರ್ಣಯಕ್ಕೆ ಇರುವ ಕ್ರಮವೇ ಅದಕ್ಕೂ ಇರತಕ್ಕದ್ದು ಎಂದೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಅಂಕಣದ ಬೆಲೆ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ

ಪಹಣಿಯನ್ನು ಕೈಯಲ್ಲಿ ಹಿಡಿದ ಯಾವ ರೈತನೂ ಅಂಕಣವನ್ನು ಹಗುರವಾಗಿ ಕಾಣುವುದಿಲ್ಲ. 9ನೆಯ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲದ ಭಾರವಿದೆ, 12ರಲ್ಲಿ ಸಾಗುವಳಿಯ ವಿವರ ಏನಿದೆ ಎಂಬುದನ್ನು ಅಕ್ಷರ ಬಾರದ ಹಿರಿಯರೂ ಮತ್ತೊಬ್ಬರಿಂದ ಓದಿಸಿ ಕೇಳಿ ತಿಳಿದಿರುತ್ತಾರೆ. ಕರ್ನಾಟಕ ಭೂಸುಧಾರಣೆಯ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಸಾಕ್ಷಿಯಿದೆ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಉಳುವವರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಸಾಗುವಳಿದಾರನೆಂದು ಪಹಣಿಯಲ್ಲಿ ಹೆಸರಿದ್ದವನ ಕೈಯಲ್ಲಿ ಬಲವಾದ ಆಧಾರವಿತ್ತು. ಏಕೆಂದರೆ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೆಯ ಪ್ರಕರಣದ ಪ್ರಕಾರ ಹಕ್ಕು ದಾಖಲೆಯ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ ಅಥವಾ ಹೊಸ ನಮೂದು ಕಾನೂನಿನಂತೆ ಅದರ ಸ್ಥಾನಕ್ಕೆ ಬರುವವರೆಗೆ, ಸತ್ಯವೆಂದೇ ಭಾವಿಸಬೇಕು. ಹೆಸರಿಲ್ಲದವನು ನೆರೆಹೊರೆಯವರ ಮಾತು, ಗೇಣಿ ಕೊಟ್ಟ ಚೀಟಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಇಬ್ಬರೂ ಉತ್ತ ಭೂಮಿ ಒಂದೇ ಬಗೆಯದು; ವ್ಯತ್ಯಾಸವಿದ್ದುದು ಒಂದು ಅಂಕಣದಲ್ಲಿ.

ಅದೇ ಪಹಣಿಯನ್ನು 2000ರ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಗಣಕೀಕರಿಸಿದಾಗ ಸರ್ಕಾರವು ಮಾಹಿತಿಯನ್ನು ಯಂತ್ರಕ್ಕೆ ತುಂಬುವುದರ ಜೊತೆಗೆ ಬದಲಾವಣೆಯ ಕಟ್ಟುಪಾಡನ್ನೂ ರೂಪಿಸಿತು. ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚಿನ ಮೂಲಕವೇ ಒಳಪ್ರವೇಶಿಸಬೇಕು. ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು. ಆಕ್ಷೇಪಣೆಗೆ ನೋಟಿಸು ಹೊರಡಿಸಬೇಕು ಎಂಬ ನಿಯಮಗಳು ಬಂದವು. ಯಾರು, ಯಾವಾಗ, ಯಾವ ಆಧಾರದ ಮೇಲೆ ಬದಲಾಯಿಸಿದರು ಎಂಬುದಕ್ಕೆ ಉತ್ತರ ಸಿಗುವಂತಾಯಿತು. ನಮ್ಮ ಪಂಚಾಯಿತಿಯ ಸಣ್ಣ ಪಟ್ಟಿಗಳಿಗೂ ಇದೇ ಮೂರು ಪ್ರಶ್ನೆಗಳು ಅನ್ವಯಿಸುತ್ತವೆ.

ನೀರಿನ ಸಂಪರ್ಕದಾರರ ಪಟ್ಟಿ

ಗ್ರಾಮ ಪಂಚಾಯಿತಿಗೆ ಗ್ರಾಹಕರಿದ್ದಾರೆಯೇ ಎಂದು ಕೆಲವರು ಕೇಳಬಹುದು. ಇದ್ದಾರೆ. ನಳ ಸಂಪರ್ಕ ಪಡೆದು ಪಂಚಾಯಿತಿಗೆ ನೀರಿನ ಶುಲ್ಕ ಕಟ್ಟುವ ಪ್ರತಿ ಮನೆಯೂ ನಮ್ಮ ಗ್ರಾಹಕನೇ. ಸಂಪರ್ಕದಾರರ ಪಟ್ಟಿಯಿಂದ ಬಿಲ್ಲು ಹೊರಡುತ್ತದೆ, ರಸೀದಿ ಹುಟ್ಟುತ್ತದೆ, ಬೇಡಿಕೆ-ವಸೂಲಿ-ಬಾಕಿ ತಖ್ತೆ ಸಿದ್ಧವಾಗುತ್ತದೆ, ಸಂಪರ್ಕ ಕಡಿತದ ನೋಟಿಸು ಹೋಗುತ್ತದೆ. ಈ ಪಟ್ಟಿಯ ಒಂದು ಭಾಗ ಇಲಾಖೆಯ ತಂತ್ರಾಂಶದಲ್ಲಿದ್ದರೆ, ಇನ್ನೊಂದು ಭಾಗ ಎಷ್ಟೋ ಕಡೆ ಕಚೇರಿಯ ಎಕ್ಸೆಲ್ ಹಾಳೆಯಲ್ಲಿಯೂ ಕರವಸೂಲಿಗಾರರ ಪುಸ್ತಕದಲ್ಲಿಯೂ ನೀರುಗಂಟಿಯ ನೆನಪಿನಲ್ಲಿಯೂ ಹಂಚಿಕೊಂಡಿರುತ್ತದೆ.

ಇಲ್ಲಿ ಎರಡು ಬಗೆಯ ಬದಲಾವಣೆಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಮನೆಯ ವಿವರವನ್ನು ತಿದ್ದುವುದು ಮೊದಲನೆಯದು. ಯಜಮಾನರು ತೀರಿಕೊಂಡರು, ಪತ್ನಿಯ ಹೆಸರಿಗೆ ಸಂಪರ್ಕ ವರ್ಗಾಯಿಸಬೇಕು. ಇದು ನಮೂದಿನ ತಿದ್ದುಪಡಿ. ಇದಕ್ಕೆ ಅರ್ಜಿ, ದಾಖಲೆ, ಹಿಂಬರಹಗಳ ಪದ್ಧತಿ ಇದೆ. ಎಲ್ಲ ಮನೆಗಳಿಗೂ ಅನ್ವಯಿಸುವಂತೆ ಅಂಕಣವನ್ನೇ ಬದಲಾಯಿಸುವುದು ಎರಡನೆಯದು. ಮೊದಲನೆಯದರಲ್ಲಿ ತಪ್ಪಾದರೆ ಒಂದು ಮನೆಯವರು ಬಂದು ಕೇಳುತ್ತಾರೆ. ಎರಡನೆಯದರಲ್ಲಿ ತಪ್ಪಾದರೆ ಊರಿಗೆ ಊರೇ ತಪ್ಪಾಗಿ ನಮೂದಾಗುತ್ತದೆ. ಕೇಳಲು ಬರುವವನಿಗೆ ತಾನೊಬ್ಬನೇ ಎಂಬ ಭಾವನೆ ಇರುತ್ತದೆ. ಹೀಗಿದ್ದರೂ ಈ ಎರಡನೆಯ ಬಗೆಗೆ ಬಹುತೇಕ ಕಡೆ ಅರ್ಜಿಯೂ ಇಲ್ಲ, ಕಡತವೂ ಇಲ್ಲ. ತಾಲ್ಲೂಕಿನಿಂದ ತುರ್ತಾಗಿ ತಖ್ತೆ ಕೇಳಿದರೆಂದು ಅಥವಾ ಯಾರೋ ಬಾಯಿಮಾತಿನಲ್ಲಿ ಹೇಳಿದರೆಂದು ಡಾಟಾ ಎಂಟ್ರಿ ಆಪರೇಟರ್ ಬದಲಾಯಿಸಿಬಿಡುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ. ಕ್ರಮವನ್ನು ಹಾಕಿಕೊಡಬೇಕಾದವರು ನಾವು.

ಅಂಕಣ ಬದಲಾದಾಗ ಏನಾಗುತ್ತದೆ

ಐದು ಸಂದರ್ಭಗಳನ್ನು ಉದಾಹರಣೆಗಾಗಿ ಭಾವಿಸೋಣ. ಇವು ಯಾವುದೇ ನಿರ್ದಿಷ್ಟ ಪಂಚಾಯಿತಿಯವಲ್ಲ, ಎಲ್ಲಿಯೂ ಸಂಭವಿಸಬಹುದಾದವು.

ಮೊದಲನೆಯದು, ಅರ್ಥದ ಪಲ್ಲಟ. ಪಟ್ಟಿಯಲ್ಲಿ "ಹೆಸರು" ಎಂಬ ಅಂಕಣವಿದೆ. ಅದು ಯಾರ ಹೆಸರು? ಸಂಪರ್ಕಕ್ಕೆ ಅರ್ಜಿ ಕೊಟ್ಟವರದೋ, ಆಸ್ತಿಯ ಮಾಲೀಕರದೋ, ಈಗ ವಾಸವಿರುವವರದೋ? ಮೂವರೂ ಒಬ್ಬರೇ ಆಗಿದ್ದಾಗ ತೊಂದರೆಯಿಲ್ಲ. ಮನೆ ಬಾಡಿಗೆಗೆ ಹೋದಾಗ, ಅಣ್ಣತಮ್ಮಂದಿರು ಪಾಲಾದಾಗ, ಮಾಲೀಕರು ನಗರಕ್ಕೆ ಹೋಗಿ ತಾಯಿಯೊಬ್ಬರೇ ಊರಲ್ಲಿ ಉಳಿದಾಗ ಮೂವರೂ ಬೇರೆಯಾಗುತ್ತಾರೆ. ಒಬ್ಬ ಸಿಬ್ಬಂದಿ ವಾಸವಿರುವವರ ಹೆಸರು ಬರೆದುಕೊಂಡು ಬಂದಿದ್ದ ಅಂಕಣಕ್ಕೆ ಮುಂದಿನವರು ಆಸ್ತಿ ಪಟ್ಟಿಯಿಂದ ಮಾಲೀಕರ ಹೆಸರನ್ನು ನಕಲು ಮಾಡಿ ಸುರಿದರೆ, ಬಾಡಿಗೆದಾರನು ಉಳಿಸಿಹೋದ ಬಾಕಿ ಮಾಲೀಕನ ತಲೆಗೆ ಬರುತ್ತದೆ. ತಾಯಿ ಕಟ್ಟಿದ ಹಣದ ರಸೀದಿ ಮಗನ ಹೆಸರಿನಲ್ಲಿ ಹುಟ್ಟುತ್ತದೆ. ಶೀರ್ಷಿಕೆ ಒಂದಕ್ಷರವೂ ಬದಲಾಗಿಲ್ಲ. ಅರ್ಥ ಪೂರ್ತಿ ಬದಲಾಗಿದೆ.

ಎರಡನೆಯದು, ವಿಲೀನ. ಒಬ್ಬ ಮಹಿಳೆಯ ಮನೆಗೆ ಮಾಸಿಕ ಶುಲ್ಕ 60 ರೂಪಾಯಿ ಎಂದುಕೊಳ್ಳಿ. 24 ತಿಂಗಳು ಅವರ ಬೀದಿಯ ಕೊಳವೆ ಒಡೆದು ನೀರೇ ಬಂದಿಲ್ಲ; ಆ ಅವಧಿಯ 1,440 ರೂಪಾಯಿಗೆ ಅವರು ಲಿಖಿತ ಆಕ್ಷೇಪಣೆ ಕೊಟ್ಟಿದ್ದಾರೆ, ತೀರ್ಮಾನ ಬಾಕಿಯಿದೆ. ಚಾಲ್ತಿ ವರ್ಷದ 720 ರೂಪಾಯಿಯನ್ನು ಅವರು ಪೂರ್ತಿ ಕಟ್ಟಿದ್ದಾರೆ. "ಹಿಂದಿನ ಬಾಕಿ" ಮತ್ತು "ಚಾಲ್ತಿ ಬೇಡಿಕೆ" ಎಂಬ ಎರಡು ಅಂಕಣಗಳಿದ್ದಾಗ ಅವರು ಚಾಲ್ತಿ ವರ್ಷಕ್ಕೆ ಬಾಕಿಯಿಲ್ಲದ ಗ್ರಾಹಕರು. ತಖ್ತೆ ಚಿಕ್ಕದಾಗಲೆಂದು ಎರಡನ್ನೂ ಸೇರಿಸಿ "ಒಟ್ಟು ಬಾಕಿ" ಎಂದು ಮಾಡಿದರೆ 2,160ರಲ್ಲಿ 720 ಕಳೆದು 1,440 ಉಳಿಯುತ್ತದೆ. ಮೊತ್ತ ಸರಿಯಾಗಿಯೇ ಇದೆ. ಆದರೆ ಅದು ವಿವಾದದಲ್ಲಿರುವ ಹಣ ಎಂಬ ಸಂಗತಿ ಅಳಿಸಿಹೋಯಿತು. ಬಾಕಿದಾರರ ಪಟ್ಟಿ ತೆಗೆದಾಗ ಅವರ ಹೆಸರು ಬರುತ್ತದೆ, ನಳ ಕಡಿತದ ನೋಟಿಸು ಅವರ ಬಾಗಿಲಿಗೆ ಹೋಗುತ್ತದೆ. ಲೆಕ್ಕ ತಪ್ಪಿಲ್ಲದಿದ್ದರೂ ನ್ಯಾಯ ತಪ್ಪುತ್ತದೆ.

ಮೂರನೆಯದು, ಆಯ್ಕೆಗಳ ಬದಲಾವಣೆ. "ನಳ ಸಂಪರ್ಕ" ಎಂಬ ಅಂಕಣಕ್ಕೆ "ಇದೆ", "ಇಲ್ಲ" ಎಂಬ ಎರಡೇ ಉತ್ತರಗಳಿವೆ ಎಂದುಕೊಳ್ಳಿ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ಮನೆಮನೆಗೆ ಗಂಗೆ, ಕೇಳುವುದು ಕಾರ್ಯಾತ್ಮಕ ನಳ ಸಂಪರ್ಕವನ್ನು: ತಲಾ ದಿನಕ್ಕೆ ಕನಿಷ್ಠ 55 ಲೀಟರ್, ನಿಗದಿತ ಗುಣಮಟ್ಟದ ನೀರು, ನಿಯತವಾಗಿ ಬರಬೇಕು. ನಮ್ಮ "ಇದೆ"ಯನ್ನು ನೇರವಾಗಿ "ಕಾರ್ಯಾತ್ಮಕ" ಎಂಬ ಹೊಸ ಅಂಕಣಕ್ಕೆ ವರ್ಗಾಯಿಸಿದರೆ, ಗೋಡೆಯ ಬಳಿ ಕೊಳವೆ ನಿಂತಿದ್ದು ಬೇಸಿಗೆಯಲ್ಲಿ ಹನಿ ನೀರೂ ಬಾರದ ಮನೆ ಕೂಡ ಯೋಜನೆಯ ಫಲ ಪಡೆದ ಮನೆಯಾಗುತ್ತದೆ. ಆಮೇಲೆ ಆ ಬೀದಿಗೆ ಹೊಸ ಕೊಳವೆಬಾವಿ ಕೇಳಿದಾಗ, ಅಲ್ಲಿ ಕೊರತೆಯೇ ಇಲ್ಲವೆಂದು ನಮ್ಮ ದಾಖಲೆಯೇ ನಮಗೆ ಎದುರು ಸಾಕ್ಷಿ ಹೇಳುತ್ತದೆ.

ನಾಲ್ಕನೆಯದು, ಕಡ್ಡಾಯ ಮಾಡುವುದು. ಮೊಬೈಲ್ ಸಂಖ್ಯೆಯ ಅಂಕಣವನ್ನು ತುಂಬದೆ ಮುಂದೆ ಹೋಗದಂತೆ ಮಾಡಿದರೆ ಮಾಹಿತಿ ಪೂರ್ಣವಾಗುತ್ತದೆ ಎಂದು ನಮಗೆ ಅನಿಸುತ್ತದೆ. ಆದರೆ ಫೋನ್ ಇಲ್ಲದ ವೃದ್ಧೆಯ ಸಾಲಿನಲ್ಲಿ ಏನು ಬರುತ್ತದೆ? ಹತ್ತು ಒಂಬತ್ತುಗಳು, ಅಥವಾ ಕರವಸೂಲಿಗಾರರ ಸ್ವಂತ ಸಂಖ್ಯೆ, ಅಥವಾ ಪಕ್ಕದ ಮನೆಯ ಹುಡುಗನ ಸಂಖ್ಯೆ. ಖಾಲಿ ಅಂಕಣ "ಗೊತ್ತಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳುತ್ತಿತ್ತು; ಕಡ್ಡಾಯ ಅಂಕಣ ಗೊತ್ತಿದೆ ಎಂದು ಸುಳ್ಳು ಹೇಳುತ್ತದೆ. ಕಡಿತದ ಎಚ್ಚರಿಕೆಯ ಸಂದೇಶ ಆ ಸಂಖ್ಯೆಗೆ ಹೋದರೆ, ಕಚೇರಿಯ ದಾಖಲೆಯಲ್ಲಿ ತಿಳಿವಳಿಕೆ ನೀಡಲಾಗಿದೆ. ವೃದ್ಧೆಗೆ ಏನೂ ತಿಳಿದಿಲ್ಲ.

ಐದನೆಯದು, ಮಾನದ ಬದಲಾವಣೆ. ಇದು ಆಸ್ತಿ ಪಟ್ಟಿಗೆ ಹೆಚ್ಚು ಸಂಬಂಧಿಸಿದ್ದು. 30 ಅಡಿಗೆ 40 ಅಡಿಯ ನಿವೇಶನ 1,200 ಚದರ ಅಡಿ, ಅಂದರೆ ಸುಮಾರು 111.5 ಚದರ ಮೀಟರ್. ಒಂದು ಗುಂಟೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಅಂಕಣದ ಶೀರ್ಷಿಕೆಯಲ್ಲಿ "ಚದರ ಅಡಿ"ಯನ್ನು ಅಳಿಸಿ "ಚದರ ಮೀಟರ್" ಎಂದು ಬರೆದು, ಕೆಳಗಿನ ಸಂಖ್ಯೆಗಳನ್ನು ಹಾಗೆಯೇ ಬಿಟ್ಟರೆ, ಪ್ರತಿ ನಿವೇಶನವೂ ಕಾಗದದ ಮೇಲೆ ಹತ್ತು ಪಟ್ಟಿಗಿಂತ ದೊಡ್ಡದಾಗುತ್ತದೆ. ಅರ್ಧ ಪಟ್ಟಿಯನ್ನು ಮಾತ್ರ ಪರಿವರ್ತಿಸಿ ಬಿಟ್ಟರೆ ಇನ್ನೂ ಕಷ್ಟ. ಯಾವುದು ಅಡಿ, ಯಾವುದು ಮೀಟರ್ ಎಂದು ಯಾರೂ ಹೇಳಲಾರರು.

ಹೊಸ ಅಂಕಣ ಸೇರಿಸುವುದೂ ಹಗುರವಾದ ಕೆಲಸವಲ್ಲ

ಮಾಹಿತಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಕಚೇರಿಗಳಲ್ಲಿದೆ. ಜಾತಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಕಾಯಿಲೆ, ಎಲ್ಲಕ್ಕೂ ಒಂದೊಂದು ಅಂಕಣ ಇರಲಿ, ಮುಂದೆ ಬೇಕಾಗಬಹುದು ಎನ್ನುತ್ತೇವೆ. ನೀರಿನ ಬಿಲ್ಲು ಕೊಡಲು ಆಧಾರ್ ಸಂಖ್ಯೆ ಬರೆದಿಟ್ಟುಕೊಳ್ಳುವ ಅಗತ್ಯವೇನು ಎಂದು ಕೇಳಿಕೊಳ್ಳಬೇಕು. ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ತಪ್ಪಾದ ವೈಯಕ್ತಿಕ ವಿವರವನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ಕಾನೂನಿನ ಭಾಷೆಗೆ ತಂದಿದೆ.

ಹಾಗೆಂದು ಸೂಕ್ಷ್ಮ ಮಾಹಿತಿಯ ಅಂಕಣವೇ ಬೇಡವೆಂದಲ್ಲ. ವಿಕಲಚೇತನರಿರುವ ಮನೆಯ ಬಾಗಿಲಿಗೇ ನಳ ಒಯ್ಯಲು ಪಂಚಾಯಿತಿ ತೀರ್ಮಾನಿಸಿದರೆ, ಯಾವ ಮನೆಗಳು ಎಂದು ತಿಳಿಯಲು ಅಂಕಣ ಬೇಕೇ ಬೇಕು. ಆಗ ಉದ್ದೇಶ ಸ್ಪಷ್ಟ, ಬಳಕೆ ಸ್ಪಷ್ಟ. ಸೂಚನಾ ಫಲಕಕ್ಕೆ ಹಚ್ಚುವ ಬಾಕಿದಾರರ ಪಟ್ಟಿಯಲ್ಲಿ ಆ ಅಂಕಣ ಮುದ್ರಣವಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಉದ್ದೇಶವನ್ನು ಒಂದು ವಾಕ್ಯದಲ್ಲಿ ಹೇಳಲಾಗದ ಅಂಕಣವನ್ನು ಸೇರಿಸದಿರುವುದೇ ಮೇಲು.

ಯಾವುದು ನಮ್ಮ ಕೈಯಲ್ಲಿದೆ, ಯಾವುದಿಲ್ಲ

ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳ ಅಂಕಣಗಳನ್ನು ಗ್ರಾಮ ಪಂಚಾಯಿತಿ ಬದಲಾಯಿಸಲಾಗದು. ಅವು ಇಲಾಖೆಯ ಮಟ್ಟದಲ್ಲಿ ನಿರ್ಧಾರವಾಗುವಂಥವು. ನಮೂನೆ 9, 11ಎ, 11ಬಿಗಳು ರಾಜ್ಯದಾದ್ಯಂತ ಒಂದೇ ರೀತಿ ಇರುವುದರಿಂದಲೇ ಅವುಗಳಿಗೆ ಬೆಲೆ. ಅಲ್ಲಿಯ ಅಂಕಣವೊಂದು ನಮ್ಮ ಊರಿನ ವಾಸ್ತವಕ್ಕೆ ಹೊಂದದಿದ್ದರೆ, ಅದರೊಳಗೆ ಬೇರೇನನ್ನೋ ತುರುಕುವುದು ಪರಿಹಾರವಲ್ಲ. ತಂದೆಯ ಹೆಸರಿನ ಜಾಗದಲ್ಲಿ ಅಡ್ಡಹೆಸರು, ಷರಾ ಜಾಗದಲ್ಲಿ ಫೋನ್ ಸಂಖ್ಯೆ, ವಿಳಾಸದ ಕೊನೆಯಲ್ಲಿ ಬಾಕಿಯ ಮೊತ್ತ ಬರೆಯುವ ರೂಢಿ ಅಲ್ಲಲ್ಲಿ ಕಾಣುತ್ತದೆ. ಬರೆದವರಿಗೆ ಅದು ಅನುಕೂಲ. ಎರಡು ವರ್ಷದ ನಂತರ ಓದುವವರಿಗೆ ಒಗಟು. ಇಂಥ ಕೊರತೆಯನ್ನು ಸಭೆಯ ನಡವಳಿಯಲ್ಲಿ ದಾಖಲಿಸಿ, ನಾಲ್ಕಾರು ನೈಜ ಪ್ರಕರಣಗಳ ವಿವರದೊಡನೆ, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳ ಮೂಲಕ ಜಿಲ್ಲಾ ಪಂಚಾಯತ್‌ಗೆ ಕಳುಹಿಸುವುದು ಸರಿಯಾದ ದಾರಿ.

ಕಚೇರಿಯಲ್ಲಿಯೇ ಇಟ್ಟುಕೊಂಡಿರುವ ಪಟ್ಟಿಗಳು, ಅಂದರೆ ನೀರಿನ ಸಂಪರ್ಕದಾರರ ಹಾಳೆ, ದೂರು ವಹಿ, ಅಂಗಡಿ ಪರವಾನಗಿಯ ಪಟ್ಟಿ, ಬೀದಿದೀಪಗಳ ಪಟ್ಟಿ ಇತ್ಯಾದಿ, ಪೂರ್ತಿಯಾಗಿ ನಮ್ಮ ಕೈಯಲ್ಲಿವೆ. ಮುಂದೆ ಹೇಳುವ ಕ್ರಮ ಇವುಗಳಿಗೆ ಸಂಬಂಧಿಸಿದ್ದು. ಇದನ್ನು ಯಾವುದೇ ನಿಯಮದ ಉಲ್ಲೇಖವೆಂದು ಭಾವಿಸಬಾರದು. ಪಂಚಾಯಿತಿ ತನ್ನ ನಿರ್ಣಯದ ಮೂಲಕ ತಾನೇ ರೂಢಿಸಿಕೊಳ್ಳಬಹುದಾದ ಶಿಸ್ತು ಇದು.

ಅನುಸರಿಸಬಹುದಾದ ಕ್ರಮ

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ನಕ್ಷೆಯೊಂದನ್ನು ಬದಲಾಯಿಸಿದರೆ ಅದರ ಮೂಲೆಯ ಚೌಕದಲ್ಲಿ ಬದಲಾವಣೆಯ ಕ್ರಮಸಂಖ್ಯೆ, ದಿನಾಂಕ, ಏನು ಬದಲಾಯಿತು, ಯಾರು ಪರಿಶೀಲಿಸಿದರು ಎಂಬುದನ್ನು ಬರೆಯುತ್ತಾರೆ. ಹಳೆಯ ನಕ್ಷೆಯನ್ನು ಹರಿದು ಎಸೆಯುವುದಿಲ್ಲ. ಸೇತುವೆಗೆ ಬೇಕಾದ ಈ ಎಚ್ಚರಿಕೆ ಮನೆಯೊಂದರ ನೀರಿಗೂ ಬೇಕು. ಹಂತಗಳು ಹೀಗಿವೆ:

1. ಲಿಖಿತ ಕೋರಿಕೆ. ಯಾವ ಅಂಕಣ, ಯಾವ ಬದಲಾವಣೆ, ಏಕೆ ಎಂಬುದು ಒಂದು ಪುಟದಲ್ಲಿರಲಿ. ಸಿಬ್ಬಂದಿ, ಸದಸ್ಯರು, ಗ್ರಾಮಸ್ಥರು ಯಾರು ಬೇಕಾದರೂ ಕೋರಬಹುದು. ಬಾಯಿಮಾತಿನ ಕೋರಿಕೆಗೆ ಬೆಲೆಯಿಲ್ಲ.

2. ಅರ್ಥದ ವಿವರಣೆ. ಅಂಕಣದಲ್ಲಿ ಏನು ಬರೆಯಬೇಕು, ಏನು ಬರೆಯಬಾರದು, ಯಾವ ಮಾನದಲ್ಲಿ, ಯಾವ ಆಧಾರದಿಂದ, ತುಂಬುವವರು ಯಾರು ಎಂದು ಎರಡು ಮೂರು ವಾಕ್ಯಗಳಲ್ಲಿ ಸ್ಪಷ್ಟಪಡಿಸಬೇಕು. "ಸಂಪರ್ಕದಾರರ ಹೆಸರು: ಸಂಪರ್ಕಕ್ಕೆ ಅರ್ಜಿ ಸಲ್ಲಿಸಿ ಮಂಜೂರಾತಿ ಪಡೆದವರ ಹೆಸರು, ಮಾಲೀಕರ ಹೆಸರನ್ನು ಬೇರೆ ಅಂಕಣದಲ್ಲಿ ಬರೆಯತಕ್ಕದ್ದು" ಎಂಬಷ್ಟು ಸಾಕು.

3. ಪರಿಣಾಮದ ಪರಿಶೀಲನೆ. ಈ ಅಂಕಣವನ್ನು ಇನ್ನಾವ ಕಡೆ ಬಳಸುತ್ತಿದ್ದೇವೆ? ಬಿಲ್ಲು, ರಸೀದಿ, ಬೇಡಿಕೆ-ವಸೂಲಿ-ಬಾಕಿ ತಖ್ತೆ, ಕಡಿತದ ನೋಟಿಸು, ತಾಲ್ಲೂಕಿನ ವರದಿ ಇವುಗಳಲ್ಲಿ ಯಾವುದು ಬದಲಾಗುತ್ತದೆ? ಯಾವ ಬಗೆಯ ಮನೆಗೆ ತೊಂದರೆಯಾಗಬಹುದು? ಕರವಸೂಲಿಗಾರರನ್ನೂ ನೀರುಗಂಟಿಯನ್ನೂ ಈ ಹಂತದಲ್ಲಿ ಕೂರಿಸಿಕೊಂಡು ಕೇಳಬೇಕು. ಕಚೇರಿಗೆ ಕಾಣದ್ದು ಅವರಿಗೆ ಕಾಣುತ್ತದೆ.

4. ಒಪ್ಪಿಗೆ. ಇದನ್ನು ಮೂರು ದರ್ಜೆಯಾಗಿ ಮಾಡಿಕೊಳ್ಳಬಹುದು. ಶೀರ್ಷಿಕೆಯ ಕಾಗುಣಿತ, ಅಂಕಣಗಳ ಅನುಕ್ರಮ ಮುಂತಾದ ಸಾಮಾನ್ಯ ಬದಲಾವಣೆಗೆ ಕಡತದಲ್ಲಿ ಪಿಡಿಒ ಸಹಿ ಸಾಕು. ಐಚ್ಛಿಕವಾದ ಹೊಸ ಅಂಕಣ ಅಥವಾ ಹೊಸ ಆಯ್ಕೆ ಸೇರಿಸುವುದಾದರೆ ಸಂಬಂಧಿಸಿದ ಸ್ಥಾಯಿ ಸಮಿತಿಯ ಒಪ್ಪಿಗೆ ಇರಲಿ. ಹಣದ ಮೊತ್ತ, ಹೆಸರು, ಅರ್ಹತೆ, ಕಡಿತ, ವೈಯಕ್ತಿಕ ಮಾಹಿತಿಗಳಿಗೆ ತಾಗುವ ಬದಲಾವಣೆ, ಅಂಕಣವನ್ನು ಅಳಿಸುವುದು, ವಿಲೀನಗೊಳಿಸುವುದು, ಕಡ್ಡಾಯಗೊಳಿಸುವುದು, ಇವು ಸಾಮಾನ್ಯ ಸಭೆಯ ನಿರ್ಣಯವಿಲ್ಲದೆ ಆಗಬಾರದು.

5. ನಕಲಿನ ಮೇಲೆ ಪರೀಕ್ಷೆ. ಮೂಲ ಹಾಳೆಯನ್ನು ಮುಟ್ಟದೆ, ಅದರ ಪ್ರತಿಯ ಮೇಲೆ ಬದಲಾವಣೆ ಮಾಡಿ, ಬೇರೆ ಬೇರೆ ಬೀದಿಗಳ ಇಪ್ಪತ್ತು ಮನೆಗಳ ಬಿಲ್ಲನ್ನು ಹಳೆಯದರೊಡನೆ ತಾಳೆ ನೋಡಬೇಕು. ಒಟ್ಟು ಸಂಪರ್ಕಗಳ ಸಂಖ್ಯೆ, ಒಟ್ಟು ಬೇಡಿಕೆ, ಒಟ್ಟು ಬಾಕಿ ಮೂರೂ ಬದಲಾವಣೆಗೆ ಮುನ್ನ ಮತ್ತು ನಂತರ ಹೊಂದಬೇಕು. ಹೊಂದದಿದ್ದರೆ ಕಾರಣ ಬರಹದಲ್ಲಿರಬೇಕು.

6. ಪ್ರಕಟಣೆ. ಜನರಿಗೆ ತಾಗುವ ಬದಲಾವಣೆಯನ್ನು ಸೂಚನಾ ಫಲಕದಲ್ಲಿ ಹಾಕಿ, ಆಕ್ಷೇಪಣೆಗೆ ದಿನ ಗೊತ್ತುಪಡಿಸಬೇಕು. ಫಲಕದವರೆಗೆ ಬರಲಾಗದವರಿಗೆ ಬಿಲ್ಲು ಕೊಡುವಾಗ ಕರವಸೂಲಿಗಾರರೇ ಓದಿ ಹೇಳಲಿ.

7. ಬದಲಾವಣೆ ವಹಿಯಲ್ಲಿ ನಮೂದು. ಕ್ರಮಸಂಖ್ಯೆ, ದಿನಾಂಕ, ಅಂಕಣದ ಹಳೆಯ ರೂಪ, ಹೊಸ ರೂಪ, ಕಾರಣ, ನಿರ್ಣಯದ ಸಂಖ್ಯೆ, ಮಾಡಿದವರ ಮತ್ತು ಪರಿಶೀಲಿಸಿದವರ ಸಹಿ. ಮಾಡುವವರೂ ಪರಿಶೀಲಿಸುವವರೂ ಒಬ್ಬರೇ ಆಗಿರಬಾರದು. ಬದಲಾವಣೆಯ ಹಿಂದಿನ ದಿನದ ಪಟ್ಟಿಯ ಪೂರ್ಣ ಪ್ರತಿಯನ್ನು ದಿನಾಂಕದೊಡನೆ ತೆಗೆದಿಡಬೇಕು.

8. ಮರುಪರಿಶೀಲನೆ. ಒಂದು ಬಿಲ್ಲಿನ ಸರದಿ ಮುಗಿದ ಮೇಲೆ ಎಷ್ಟು ದೂರು ಬಂದವು, ಉದ್ದೇಶ ನೆರವೇರಿತೇ ಎಂದು ಸಭೆಯಲ್ಲಿ ನೋಡಬೇಕು. ತೊಂದರೆಯಾಗಿದ್ದರೆ ಹಳೆಯ ರೂಪಕ್ಕೆ ಮರಳಲು ಸಂಕೋಚ ಬೇಡ. ಅದಕ್ಕಾಗಿಯೇ ಹಳೆಯ ಪ್ರತಿ ಇಟ್ಟಿರುವುದು.

ಇಷ್ಟೆಲ್ಲ ಮಾಡುತ್ತ ಕುಳಿತರೆ ಕೆಲಸ ನಿಲ್ಲುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ತುರ್ತು ಸಂದರ್ಭಗಳಿರುತ್ತವೆ, ನೀರಿನ ಮೂಲ ಕಲುಷಿತವಾಗಿ ಯಾವ ಮನೆಗೆ ಟ್ಯಾಂಕರ್ ಹೋಗಬೇಕೆಂದು ಆ ದಿನವೇ ಗುರುತಿಸಬೇಕಾಗಬಹುದು. ಅಂಥಲ್ಲಿ ಪಿಡಿಒ ಕಾರಣ ಬರೆದು ತಾತ್ಕಾಲಿಕ ಅಂಕಣ ತೆರೆಯಲಿ, ಮುಂದಿನ ಸಭೆಯಲ್ಲಿ ಮಂಡಿಸಲಿ, ಸಭೆ ಒಪ್ಪದಿದ್ದರೆ ಮುಚ್ಚಲಿ. ಉಳಿದಂತೆ, ಸಾಮಾನ್ಯ ಸಭೆ ತಿಂಗಳಿಗೊಮ್ಮೆಯಾದರೂ ಸೇರಲೇಬೇಕಲ್ಲವೇ? ಬಿಲ್ಲಿನ ಪಟ್ಟಿಯ ಸ್ವರೂಪ ಒಂದು ತಿಂಗಳು ಕಾಯಬಲ್ಲದು. ತಪ್ಪಾಗಿ ಹೊರಟ ನೂರಾರು ಬಿಲ್ಲುಗಳನ್ನು ಮನೆಮನೆಗೆ ಹೋಗಿ ಹಿಂಪಡೆಯುವುದಕ್ಕೆ ಬೇಕಾಗುವ ಸಮಯ ಅದಕ್ಕಿಂತ ಹೆಚ್ಚು.

ಸದಸ್ಯರ ಪಾತ್ರ

ಸದಸ್ಯರು ಗಣಕಯಂತ್ರ ಕಲಿಯಬೇಕೆಂದು ನಾನು ಹೇಳುತ್ತಿಲ್ಲ. ನೀವು ಕೇಳಬೇಕಾದ ಪ್ರಶ್ನೆಗಳಿಗೆ ಗಣಕಯಂತ್ರದ ಜ್ಞಾನ ಬೇಡ. ಈ ಅಂಕಣ ಯಾಕೆ? ಇದರ ಅರ್ಥ ಎಲ್ಲಿ ಬರೆದಿದೆ? ಕಳೆದ ಸಭೆಯಿಂದ ಈಚೆಗೆ ಯಾವ ಅಂಕಣ ಬದಲಾಗಿದೆ, ಬದಲಾವಣೆ ವಹಿ ತೋರಿಸಿ. ಹಳೆಯ ಪ್ರತಿ ಎಲ್ಲಿದೆ? ನನ್ನ ವಾರ್ಡಿನ ಯಾವ ಮನೆಗೆ ಇದರಿಂದ ತೊಂದರೆಯಾಗಬಹುದು? ಕೊನೆಯ ಪ್ರಶ್ನೆಗೆ ಉತ್ತರ ನಮಗಿಂತ ನಿಮಗೇ ಹೆಚ್ಚು ಗೊತ್ತು. ಯಾರ ಮನೆಯಲ್ಲಿ ಫೋನಿಲ್ಲ, ಯಾರ ಮನೆ ಪಾಲಾಗಿದೆ, ಯಾರು ದುಡಿಯಲು ಊರು ಬಿಟ್ಟು ಹೋಗಿದ್ದಾರೆ ಎಂಬುದು ನಿಮ್ಮ ನಾಲಿಗೆಯ ತುದಿಯಲ್ಲಿರುತ್ತದೆ. ಆ ತಿಳಿವಳಿಕೆ ಮೂರನೆಯ ಹಂತದಲ್ಲಿ ಬಂದರೆ ಅದು ಮುನ್ನೆಚ್ಚರಿಕೆ; ನೋಟಿಸು ಹೋದ ಮೇಲೆ ಬಂದರೆ ಅದು ಜಗಳ.

ಇದರೊಡನೆ ಒಂದು ವಿನಂತಿಯೂ ಇದೆ. ವಾರ್ಡಿನವರಿಗೆ ಸಹಾಯ ಮಾಡುವ ಸದುದ್ದೇಶದಿಂದಲೇ ಆದರೂ, ಆಪರೇಟರ್ ಪಕ್ಕದಲ್ಲಿ ನಿಂತು ಇದನ್ನು ಹೀಗೆ ಮಾಡಿಬಿಡಿ ಎಂದು ಹೇಳಬಾರದು. ಸಣ್ಣ ಸಂಬಳದ ಆ ಸಿಬ್ಬಂದಿಗೆ ಚುನಾಯಿತ ಪ್ರತಿನಿಧಿಯ ಮಾತನ್ನು ಮೀರುವ ಶಕ್ತಿಯಿರುವುದಿಲ್ಲ. ನಾಳೆ ವಿಚಾರಣೆ ಬಂದರೆ ಉತ್ತರ ಕೊಡಬೇಕಾದವರು ಅವರೇ ಆಗುತ್ತಾರೆ. ಅದೇ ಮಾತನ್ನು ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡಿ ಕೊಟ್ಟರೆ ಅದು ಕೋರಿಕೆಯಾಗುತ್ತದೆ, ಅವರಿಗೂ ರಕ್ಷಣೆಯಾಗುತ್ತದೆ. ಅಂತೆಯೇ ಅಧಿಕಾರಿಗಳಾದ ನಾವು ಪಾಸ್‌ವರ್ಡ್ ಆಗಲಿ, ಡಿಜಿಟಲ್ ಸಹಿಯ ಕೀ ಆಗಲಿ ಮತ್ತೊಬ್ಬರ ಕೈಗೆ ಕೊಟ್ಟು ಹೊರಗೆ ಹೋಗಬಾರದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಡಿಜಿಟಲ್ ಸಹಿಗೆ ಕೈಬರಹದ ಸಹಿಯ ಮಾನ್ಯತೆಯನ್ನೇ ಕೊಟ್ಟಿದೆ. ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಡುವುದನ್ನು ಒಪ್ಪದವರು ಇದನ್ನೂ ಒಪ್ಪಬಾರದು.

ಪಿಡಿಒಗಳು ವರ್ಗವಾಗುತ್ತೇವೆ, ಆಪರೇಟರ್‌ಗಳು ಬದಲಾಗುತ್ತಾರೆ, ಸದಸ್ಯರ ಅವಧಿ ಮುಗಿಯುತ್ತದೆ. ಸಂಪರ್ಕದಾರರು ಮಾತ್ರ ಅಲ್ಲಿಯೇ ಇರುತ್ತಾರೆ. ಐದು ವರ್ಷದ ಹಿಂದೆ ನನ್ನ ಬಾಕಿ ಹೇಗೆ ಹುಟ್ಟಿತು ಎಂದು ಒಬ್ಬರು ಕೇಳಿದಾಗ, ಆಗ ನಾನಿರಲಿಲ್ಲ ಎಂಬ ಉತ್ತರ ಪಂಚಾಯಿತಿಯ ಬಾಯಲ್ಲಿ ಬರಬಾರದು. ವ್ಯಕ್ತಿಗಳು ಇಲ್ಲದಿದ್ದರೂ ಪಂಚಾಯಿತಿ ಇದ್ದೇ ಇರುತ್ತದೆ. ಅದರ ನೆನಪು ವಹಿಯಲ್ಲಿರಬೇಕು.

ಆದಕಾರಣ, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಈ ಮೂರು ವಿಷಯಗಳನ್ನು ಸೇರಿಸಬೇಕೆಂದು ಕೋರುತ್ತೇನೆ. ಒಂದು, ಕಚೇರಿಯಲ್ಲಿರುವ ಎಲ್ಲ ಸ್ಥಳೀಯ ಪಟ್ಟಿಗಳನ್ನು ಗುರುತಿಸಿ, ಪ್ರತಿ ಅಂಕಣದ ಅರ್ಥವನ್ನು ಬರೆದಿಡುವುದು. ನೀರಿನ ಸಂಪರ್ಕದಾರರ ಪಟ್ಟಿಯಿಂದ ಆರಂಭಿಸಿದರೆ ಸಾಕು. ಎರಡು, ಬದಲಾವಣೆ ವಹಿಯೊಂದನ್ನು ತೆರೆದು, ಯಾವ ದರ್ಜೆಯ ಬದಲಾವಣೆಗೆ ಯಾರ ಒಪ್ಪಿಗೆ ಬೇಕೆಂದು ನಿರ್ಣಯಿಸುವುದು. ಮೂರು, ಪ್ರತಿ ವರ್ಷದ ಜಮಾಬಂದಿಯ ವೇಳೆ ಲೆಕ್ಕದ ಪುಸ್ತಕಗಳೊಡನೆ ಈ ವಹಿಯನ್ನೂ ಜನರ ಮುಂದೆ ಇಡುವುದು. ಇದಕ್ಕೆ ಅನುದಾನ ಬೇಡ, ಹೊಸ ತಂತ್ರಾಂಶ ಬೇಡ. ನೂರು ಪುಟದ ಒಂದು ವಹಿ ಸಾಕು.